ನನ್ನ ಕಂಪ್ಯೂಟರಿನಲ್ಲಿ ಅತ್ತೆಗೊಂದು ಜಾಗ

ಬೀಜದ ಪಾಕೀಟಿನ ಮೇಲೆ ಟೊಮ್ಯಾಟೊ, ಮೆಣಸಿನಕಾಯಿ, ಸೌತೆಕಾಯಿಗಳ ಚಿತ್ರ ಇರುತ್ತದಲ್ಲ, ಅದನ್ನು ಹೊಂದಿಸಿ, ಹಿಂದಿನ ಮಗ್ಗುಲಿಗೆ ತಳಿಯ ಹೆಸರು, ಬಿತ್ತುವ ಕಾಲ, ಸಾಲಿನಿಂದ ಸಾಲಿಗೆ ಬಿಡಬೇಕಾದ ಅಂತರ ಎಲ್ಲವನ್ನೂ ಕೂಡಿಸಿ ಮುದ್ರಣಕ್ಕೆ ಕಳಿಸುವುದು ನನ್ನ ಉದ್ಯೋಗ. ರಾಣೆಬೆನ್ನೂರಿನಲ್ಲಿ ಬೀಜದ ವ್ಯಾಪಾರ ಇರುವವರೆಗೆ ಈ ಕೆಲಸಕ್ಕೆ ಕೊರತೆಯಿಲ್ಲ. ಮುಂಗಾರಿಗೆ ಮುಂಚೆ ಕೆಲವು ವಾರ ಊಟಕ್ಕೆ ಏಳಲೂ ಪುರುಸೊತ್ತು ಇರುವುದಿಲ್ಲ. ಆ ಗದ್ದಲ ಮುಗಿದ ಮೇಲೆ ಬ್ಯಾಡಗಿಯ ಖಾರದಪುಡಿ ಮಾಡುವವರ ಕೆಲಸ ಬರುತ್ತದೆ. ಪಡಸಾಲೆಯ ಪಕ್ಕದಲ್ಲಿ ಹಿಂದೆ ಜೋಳದ ಚೀಲ ಒಟ್ಟುತ್ತಿದ್ದ ಕೋಣೆ ಈಗ ನನ್ನದು. ಅಲ್ಲಿರುವ ಕಂಪ್ಯೂಟರೂ ನನ್ನದು. ಮನೆಯಲ್ಲಿ ಬೇರೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ. ಮುಟ್ಟಬೇಡಿ ಎಂದು ನಾನು ಬಾಯಿಬಿಟ್ಟು ಹೇಳಿದವಳಲ್ಲ, ಆದರೆ ಹೇಳಿದಷ್ಟೇ ಸ್ಪಷ್ಟವಾಗಿ ಎಲ್ಲರಿಗೂ ಗೊತ್ತಿತ್ತು.

ಅದಕ್ಕೆ ಕಾರಣವೂ ಇತ್ತು. ನಾನು ಬಳಸುವ ಕನ್ನಡ ತಂತ್ರಾಂಶ ಬಹಳ ಹಳೆಯದು. ಅದರಲ್ಲಿ ಬರೆದದ್ದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡವೇ ಕಾಣುವುದಿಲ್ಲ, ಯಾರೋ ಗೀಚಿದ ಹಾಗೆ ಇರುತ್ತದೆ. ಅದು ವಿಂಡೋಸ್ ಮೇಲೆ ಮಾತ್ರ ನಡೆಯುತ್ತದೆ. ಹೊಸ ಪದ್ಧತಿಗೆ ಬರಬೇಕೆಂದರೆ ಇಷ್ಟು ವರ್ಷ ಮಾಡಿದ ಲೇಬಲ್ಲುಗಳನ್ನೆಲ್ಲ ಮತ್ತೆ ಮೊದಲಿನಿಂದ ಟೈಪು ಮಾಡಬೇಕು. ಆದ್ದರಿಂದ ಅದು ಹೇಗಿದೆಯೋ ಹಾಗೆಯೇ ಇರಲಿ ಎಂದು ನಡೆಸಿಕೊಂಡು ಬಂದಿದ್ದೆ.

ನನ್ನ ಅತ್ತೆ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದವರು. ನಿವೃತ್ತಿಯಾದ ಮೇಲೆ ಹಿತ್ತಲು, ಹೂವಿನ ಗಿಡ, ಪತ್ರಿಕೆಯ ಪದಬಂಧ ಎಂದು ಒಂದು ವರ್ಷ ಕಳೆದರು. ಪದಬಂಧವನ್ನು ಚಹಾ ಆರುವುದರೊಳಗೆ ಮುಗಿಸಿ, ಮುಂದೇನು ಎಂಬಂತೆ ಬಾಗಿಲ ಕಡೆ ನೋಡುತ್ತ ಕೂಡುತ್ತಿದ್ದರು. ಅಷ್ಟರಲ್ಲಿ ಅಗಡಿಯಿಂದ ಒಂದು ಫೋನು ಬಂತು. ಅಲ್ಲಿಯ ಶಾಲೆಯಲ್ಲಿ ಗಣಿತದ ಮಾಸ್ತರು ವರ್ಗವಾಗಿ ಹೋಗಿದ್ದರು, ಹೊಸಬರು ಬಂದಿರಲಿಲ್ಲ. ಹತ್ತನೆಯ ತರಗತಿಯವರಿಗಾದರೂ ನೀವು ಬಂದು ಪಾಠ ಮಾಡಬಹುದೇ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ಅತ್ತೆ ಮರುದಿನವೇ ಬಸ್ಸು ಹತ್ತಿದರು. ಹಾವೇರಿಯಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸು. ವಾರಕ್ಕೆ ಮೂರು ದಿನ ಎಂದು ಗೊತ್ತುಪಡಿಸಿಕೊಂಡರು.

ಆ ಶಾಲೆಯ ಕಂಪ್ಯೂಟರುಗಳಲ್ಲಿ ಇದ್ದದ್ದು ವಿಂಡೋಸ್ ಅಲ್ಲ, ಅದರ ಬದಲಿಗೆ ಪುಕ್ಕಟೆ ಸಿಗುವ ಲಿನಕ್ಸ್. ಅದರಲ್ಲಿ ಮಾತ್ರ ನಡೆಯುವ, ರೇಖಾಗಣಿತ ಕಲಿಸುವ ಒಂದು ತಂತ್ರಾಂಶವಿತ್ತು. ವೃತ್ತ ಎಳೆದು, ಅದರ ಮೇಲೊಂದು ಬಿಂದು ಇಟ್ಟು, ಆ ಬಿಂದುವನ್ನು ಬೆರಳಲ್ಲಿ ಹಿಡಿದಂತೆ ಸರಿಸಬಹುದು. ಸೇವೆಯ ಕೊನೆಯ ವರ್ಷಗಳಲ್ಲಿ ಅತ್ತೆ ಒಂದು ತರಬೇತಿಯಲ್ಲಿ ಅದನ್ನು ಕಲಿತಿದ್ದರು. ಶಾಲೆಯಲ್ಲಿ ಕರೆಂಟು ಇರುವಷ್ಟು ಹೊತ್ತು ಪಾಠಕ್ಕೇ ಬೇಕಾಗುತ್ತಿತ್ತು, ತಯಾರಿಗೆ ಸಮಯ ಉಳಿಯುತ್ತಿರಲಿಲ್ಲ. ಮನೆಯಲ್ಲಿಯೇ ಚಿತ್ರ ಮಾಡಿಕೊಂಡು ಹೋದರೆ ಚೆನ್ನ ಎಂದು ಅವರಿಗೆ ಅನ್ನಿಸಿತು. ಶಾಲೆಯವರು ಒಂದು ಪೆನ್ ಡ್ರೈವಿನಲ್ಲಿ ಲಿನಕ್ಸ್ ಹಾಕಿ ಕೊಟ್ಟಿದ್ದರು. ಅದನ್ನು ಚುಚ್ಚಿ ಕಂಪ್ಯೂಟರು ಚಾಲೂ ಮಾಡಿದರೆ ನನ್ನ ಡಿಸ್ಕಿಗೆ ಏನೂ ಆಗದಂತೆ ಲಿನಕ್ಸ್ ತೆರೆದುಕೊಳ್ಳುತ್ತದೆ. ನನ್ನ ಕೆಲಸ ಇಲ್ಲದ ಹೊತ್ತು ನೋಡಿ, "ಒಂದ್ ತಾಸು ಕುಂದರ್ಲೇನವಾ?" ಎಂದು ಕೇಳಿ ಅವರು ಬಂದು ಕೂಡುತ್ತಿದ್ದರು.

ಮೊದಲ ಸಲ ಇಡೀ ಮುಂಜಾನೆ ಕೂತು ಒಂದು ಚಿತ್ರ ಮಾಡಿದರು. ವೃತ್ತದೊಳಗೊಂದು ಚತುರ್ಭುಜ, ನಾಲ್ಕು ಮೂಲೆಗೆ ನಾಲ್ಕು ಬಣ್ಣ, ಪಕ್ಕದಲ್ಲಿ ಕನ್ನಡದ ವಿವರಣೆ. ಮುಗಿಸಿ, ಕಂಪ್ಯೂಟರು ಬಂದ್ ಮಾಡಿ, ಅಡುಗೆಮನೆಗೆ ಬಂದು ನನ್ನ ಕೈಯಿಂದ ರೊಟ್ಟಿಯ ಹಿಟ್ಟು ತೆಗೆದುಕೊಂಡು ತಾವೇ ಬಡಿದರು. ಅಷ್ಟು ಖುಷಿಯಾಗಿದ್ದರು. ಮಧ್ಯಾಹ್ನ ಅದನ್ನು ನನಗೆ ತೋರಿಸಬೇಕೆಂದು ಮತ್ತೆ ಪೆನ್ ಡ್ರೈವ್ ಚುಚ್ಚಿದರು. ಚಿತ್ರ ಇರಲಿಲ್ಲ.

"ಉಳಿಸಿದ್ದೆನಲ್ಲವಾ ನಾ?" ಎಂದರು.

ಹಾಗೆ ಪೆನ್ ಡ್ರೈವಿನಿಂದ ತೆರೆದಾಗ ಮಾಡಿದ್ದೆಲ್ಲ ಕಂಪ್ಯೂಟರು ಬಂದ್ ಆದ ಕೂಡಲೇ ಅಳಿಸಿಹೋಗುತ್ತದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅದು ಬರೀ ಪರೀಕ್ಷೆ ಮಾಡಿ ನೋಡಲು ಇರುವ ದಾರಿ. ನಾನು ಹೇಳಿದೆ. "ಇರ್ಲಿ ಬಿಡು, ಕಪ್ಪು ಹಲಗಿ ಅದನಲ್ಲ" ಎಂದು ಎದ್ದುಹೋದರು. ಮರುದಿನ ಬಸ್ಸಿಗೆ ಹೊರಟಾಗ ಚೀಲದಲ್ಲಿ ದಪ್ಪ ಹಾಳೆಯ ಮೇಲೆ ಕೈಯಿಂದ ಬಿಡಿಸಿದ ಅದೇ ಚತುರ್ಭುಜ ಇತ್ತು.

ಅವರು ಗೊಣಗಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಗೊಣಗಲಿಲ್ಲವಾದ್ದರಿಂದ ಆ ಹಾಳೆ ನನ್ನ ತಲೆಯಿಂದ ಹೋಗಲಿಲ್ಲ. ನನ್ನ ಬೀಜದ ಲೇಬಲ್ಲು ಹಾಗೆ ಅಳಿಸಿಹೋಗಿದ್ದರೆ ನಾನು ಎಷ್ಟು ಕೂಗಾಡುತ್ತಿದ್ದೆ ಎಂದು ಯೋಚಿಸಿದೆ. ಒಂದೇ ಡಿಸ್ಕನ್ನು ಭಾಗ ಮಾಡಿ, ಒಂದರಲ್ಲಿ ವಿಂಡೋಸ್, ಇನ್ನೊಂದರಲ್ಲಿ ಲಿನಕ್ಸ್ ಇಡಬಹುದು ಎಂದು ನಾನು ಓದಿದ್ದೆ. ಮಾಡಿ ಮಾತ್ರ ನೋಡಿರಲಿಲ್ಲ. ಆ ಸಂಜೆ ಊಟಕ್ಕೆ ಕೂತಾಗ ಮಾತು ತೆಗೆದೆ.

"ಅತ್ತ್ಯಾರ, ನಿಮಗ ನನ್ನ ಕಂಪ್ಯೂಟರಿನ್ಯಾಗ ಬ್ಯಾರೆ ಜಾಗಾ ಮಾಡಿಕೊಡ್ತೇನ್ರಿ. ಪೆನ್ ಡ್ರೈವ್ ಬೇಕಾಗೂದಿಲ್ಲ."

"ಬ್ಯಾಡವಾ. ಅದು ನಿನ್ನ ದುಡಿಮಿ ಮಷೀನು. ಏನರ ಹೆಚ್ಚು ಕಡಿಮಿ ಆದ್ರ?"

ನನ್ನ ಗಂಡ ಹನಿ ನೀರಾವರಿ ಪೈಪಿನ ಅಂಗಡಿ ನಡೆಸುತ್ತಾರೆ. ಅವರಿಗೆ ಎಲ್ಲದಕ್ಕೂ ಹೊಸದು ತರುವುದೇ ಪರಿಹಾರ. "ಯವ್ವಾ, ನಿನಗೊಂದು ಬ್ಯಾರೆ ಲ್ಯಾಪ್‌ಟಾಪ್ ತಂದ್ರಾತು" ಎಂದರು.

"ವಾರಕ್ಕ ಮೂರು ದಿನದ ಪಾಠಕ್ಕ ಹೊಸಾ ಮಷೀನು ಯಾಕೋ? ನಾಳೆ ಅಲ್ಲೆ ಹೊಸಾ ಮಾಸ್ತರ ಬಂದ್ರ ಅದನ್ನ ತಗೊಂಡು ಏನ್ ಮಾಡ್ಲಿ?" ಎಂದು ಅತ್ತೆ ಆ ಮಾತನ್ನು ಅಲ್ಲೇ ಮುಗಿಸಿದರು. ಆದರೆ ಕೈ ತೊಳೆಯುವಾಗ ನನ್ನ ಪಕ್ಕ ನಿಂತು, "ಖರೇನ ಮಾಡಾಕ ಬರ್ತದೇನು? ಒಂದ ಡಿಸ್ಕಿನ್ಯಾಗ ಎರಡೂ?" ಎಂದು ಕೇಳಿದರು.

ಹಾವೇರಿಯಲ್ಲಿ ನನಗೆ ಪರಿಚಯದ ಒಬ್ಬರು ಕಂಪ್ಯೂಟರು ರಿಪೇರಿಯವರಿದ್ದಾರೆ. ಅವರಿಗೆ ಫೋನು ಮಾಡಿದೆ. "ಮಾಡ್ರಿ, ಏನೂ ಆಗೂದಿಲ್ಲ. ಆದ್ರ ಮೊದ್ಲ ನಿಮ್ಮ ಕೆಲಸ ಎಲ್ಲಾ ಬ್ಯಾರೆ ಡಿಸ್ಕಿಗೆ ತಗದಿಟ್ಗೊಂಡು ಆಮ್ಯಾಲ ಕೈ ಹಚ್ರಿ" ಎಂದರು.

ಮುಂದಿನ ಭಾನುವಾರ ಅತ್ತೆ ಮತ್ತು ನಾನು ಕುರ್ಚಿ ಹಾಕಿಕೊಂಡು ಕೂತೆವು. ಮೊದಲು ಡಿಸ್ಕಿನಲ್ಲಿ ಏನೇನಿದೆ ಎಂದು ನೋಡಬೇಕಿತ್ತು. ಜಾಗ ಬಹಳ ಇದೆ ಎಂದು ನಾನು ಭಾವಿಸಿದ್ದೆ. ತೆರೆದು ನೋಡಿದರೆ ಮುಕ್ಕಾಲು ತುಂಬಿತ್ತು. ಒಂದೊಂದು ಲೇಬಲ್ಲನ್ನೂ ಗಿರಾಕಿಗಳು ನಾಲ್ಕಾರು ಸಲ ತಿದ್ದಿಸುತ್ತಾರೆ. ನಾನು ಹಳೆಯದನ್ನು ಅಳಿಸದೆ ಹೊಸ ಹೆಸರಿನಲ್ಲಿ ಇಡುತ್ತ ಹೋಗಿದ್ದೆ. ಕಡೆಯದು, ಅದಕ್ಕೂ ಕಡೆಯದು, ಖರೇ ಕಡೆಯದು ಎಂದೆಲ್ಲ ಹೆಸರುಗಳು.

"ಈ ಟೊಮ್ಯಾಟೊ ಎಷ್ಟ್ ಸಲ ಐತಿ ಇಲ್ಲೆ?" ಎಂದು ಅತ್ತೆ ನಕ್ಕರು. "ಎಲ್ಲಾ ಒಂದ ಥರ ಕಾಣಸ್ತಾವಲ್ಲ."

"ಇಲ್ರಿ, ನೋಡ್ರಿ, ಇದರಾಗ ತೊಟ್ಟಿನ ಹಸರು ಜಾಸ್ತಿ ಆಗೇದ. ಇದರಾಗ ಬೆಳಕು ಎಡಕ್ಕೈತಿ."

ಅವರು ಕನ್ನಡಕ ಸರಿಮಾಡಿಕೊಂಡು ಪರದೆಗೆ ಹತ್ತಿರವಾದರು. ಒಂದೊಂದೇ ತೆರೆದು ತೋರಿಸತೊಡಗಿದೆ. ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ತೀರ್ಮಾನಿಸುತ್ತ ಹೋದೆವು. ಬದನೆ, ಬೆಂಡೆ, ಕುಂಬಳ. ಹೀರೇಕಾಯಿಯ ಲೇಬಲ್ಲು ಬಂದಾಗ ಅವರು ನನ್ನ ಕೈ ಹಿಡಿದು ನಿಲ್ಲಿಸಿದರು.

"ಇದು ನೀ ಮಾಡಿದ್ದೇನು?"

"ಹೂಂರಿ."

"ಈ ಚಿತ್ರಾನೂ?"

"ಫೋಟೋದ ಮ್ಯಾಲ ನಾನ ಕೈಲೆ ತಿದ್ದೇನ್ರಿ. ಕಾಯಿ ಮ್ಯಾಲಿನ ಆ ಏಣು ಫೋಟೋದಾಗ ಸರಿಯಾಗಿ ಬಂದಿದ್ದಿಲ್ಲ."

"ಹಿತ್ತಲದಾಗ ಈ ಪಾಕೀಟಿನ ಬೀಜಾನ ಹಾಕೇನಿ ನಾನು. ಚಿತ್ರ ಛಂದ ಅದ ಅಂತ ಇದನ್ನ ಆರಿಸಿ ತಂದಿದ್ದೆ" ಎಂದರು. ಆಮೇಲೆ ಮೆಲ್ಲಗೆ, "ನೀ ಬರೇ ಟೈಪ್ ಮಾಡ್ತಿ ಅಂತ ತಿಳಕೊಂಡಿದ್ದೆ ನಾ ಇಷ್ಟ ದಿನ" ಎಂದರು.

ಮದುವೆಯಾಗಿ ಬಂದು ಎಷ್ಟೋ ವರ್ಷವಾಗಿತ್ತು. ನಾನು ಕೆಲಸ ಮಾಡುವಾಗ ಅವರು ಬಾಗಿಲಲ್ಲಿ ನಿಂತು ಚಹಾ ಕೊಟ್ಟು ಹೋಗುತ್ತಿದ್ದರು. ಒಳಗೆ ಬಂದು ನೋಡಿದವರಲ್ಲ, ನಾನು ಕರೆದು ತೋರಿಸಿದವಳೂ ಅಲ್ಲ. ಅವತ್ತು ಬೇಡವಾದ ಲೇಬಲ್ಲುಗಳನ್ನು ಅಳಿಸುವ ಕೆಲಸ ಮಧ್ಯಾಹ್ನದವರೆಗೆ ನಡೆಯಿತು. ಬೇಗ ಮುಗಿಸಬೇಕೆಂದು ಇಬ್ಬರಿಗೂ ಅನ್ನಿಸಲಿಲ್ಲ. ಉಳಿದದ್ದನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿಟ್ಟೆವು.

ಇನ್ನು ಭಾಗ ಮಾಡುವುದು. "ಎಷ್ಟು ಬೇಕ್ರಿ ನಿಮಗ?" ಎಂದೆ.

"ನನ್ನ ಚಿತ್ರಕ್ಕ ಎಷ್ಟ್ ಬೇಕಾದೀತು? ಒಂದ್ ಮೂಲಿ ಸಾಕು."

"ಲಿನಕ್ಸಿಗೂ ಕೈಕಾಲು ಆಡಸಾಕ ಜಾಗಾ ಬೇಕಲ್ರಿ."

ಕೊನೆಗೆ ಡಿಸ್ಕನ್ನು ಮೂರು ಭಾಗ ಮಾಡುವುದೆಂದು ಆಯಿತು. ದೊಡ್ಡದು ನನ್ನ ವಿಂಡೋಸಿಗೆ, ಒಂದು ಅವರ ಲಿನಕ್ಸಿಗೆ, ಮತ್ತೊಂದು ನಡುವಿನದು, ಇಬ್ಬರಿಗೂ ತೆರೆಯುವಂಥದು. ಅವರು ಮಾಡಿದ ಪಾಠವನ್ನು ಅಲ್ಲಿ ಇಟ್ಟರೆ ನಾನು ಮುದ್ರಿಸಿ ಕೊಡಬಹುದು. ಅದಕ್ಕೆ ಏನು ಹೆಸರಿಡಲಿ ಎಂದಾಗ ಅತ್ತೆ ಸ್ವಲ್ಪವೂ ಯೋಚಿಸದೆ "ನಡುಮನಿ" ಎಂದರು. ಅದೇ ಹೆಸರು ಕೊಟ್ಟೆ.

ಆದರೆ ವಿಂಡೋಸ್ ಜಾಗ ಬಿಡಲು ಒಪ್ಪಲಿಲ್ಲ. ಅಷ್ಟೆಲ್ಲ ಅಳಿಸಿದ ಮೇಲೂ, ಇಷ್ಟೇ ಕಿರಿದಾಗಬಲ್ಲೆ ಎಂದು ಒಂದು ಸಣ್ಣ ಸಂಖ್ಯೆ ತೋರಿಸಿತು. ನಾನು ತಲೆ ಕೆರೆದುಕೊಂಡೆ. ಹಾವೇರಿಯವರಿಗೆ ಮತ್ತೆ ಫೋನು. ಖಾಲಿ ಜಾಗದ ನಟ್ಟನಡುವೆ ವಿಂಡೋಸ್ ತನ್ನದೇ ಉಪಯೋಗಕ್ಕೆ ಕೆಲವು ಕಡತ ಇಟ್ಟುಕೊಂಡಿರುತ್ತದೆ, ಅವು ಜಾಗ ಬಿಟ್ಟು ಸರಿಯುವುದಿಲ್ಲ, ಅವನ್ನು ತಾತ್ಕಾಲಿಕವಾಗಿ ನಿಲ್ಲಿಸಿ, ಕಂಪ್ಯೂಟರನ್ನು ಒಮ್ಮೆ ಬಂದ್ ಮಾಡಿ ಚಾಲೂ ಮಾಡಿದರೆ ಆಗುತ್ತದೆ ಎಂದರು. ನಾನು ಅದನ್ನು ಅತ್ತೆಗೆ ವಿವರಿಸಿದೆ.

"ಬಸ್ಸಿನ್ಯಾಗ ಮೂರು ಮಂದಿ ಸೀಟಿನ ನಡುವ ಒಬ್ರು ಕುಂತಂಗ" ಎಂದರು ಅತ್ತೆ. "ಎರಡೂ ಕಡೆ ಜಾಗಾ ಇರ್ತದ, ಇಬ್ರು ಕೂಡಿ ಕುಂದ್ರಾಕ ಬರೂದಿಲ್ಲ."

ಹೇಳಿದ ಹಾಗೆ ಮಾಡಿದೆ. ಜಾಗ ಬಿಟ್ಟಿತು.

ಲಿನಕ್ಸ್ ಹಾಕುವಾಗ ಮಾತ್ರ ಒಂದೊಂದನ್ನೂ ಎರಡೆರಡು ಸಲ ನೋಡಿ ಒತ್ತಿದೆ. ಡಿಸ್ಕನ್ನು ಪೂರ್ತಿ ಅಳಿಸಿ ಹಾಕಲೇ ಎಂದು ಮೊದಲ ಸಾಲಿನಲ್ಲೇ ಕೇಳುತ್ತದೆ. ಬೆರಳು ತಪ್ಪಿದರೆ ಎಲ್ಲ ಹೋಗುತ್ತದೆ. ನಕಲು ಇದ್ದರೂ ಮುಂದೆ ವಾರಗಟ್ಟಲೆ ಕೆಲಸ ನಿಲ್ಲುತ್ತದೆ, ಬ್ಯಾಡಗಿಯ ಒಬ್ಬ ಗಿರಾಕಿ ಖಾರದಪುಡಿಯ ಪಾಕೀಟಿಗೆ ಕಾಯುತ್ತಿದ್ದರು. ಅತ್ತೆ ಪರದೆಯ ಮೇಲಿನ ಪ್ರತಿ ಸಾಲನ್ನೂ ಪ್ರಶ್ನೆಪತ್ರಿಕೆ ಓದಿದ ಹಾಗೆ ಗಟ್ಟಿಯಾಗಿ ಓದಿದರು. "ಇದಲ್ಲ. ಇದೂ ಅಲ್ಲ. ಖಾಲಿ ಜಾಗಾ ಅಂತ ಬರದದ್ದು ಇದು. ಒತ್ತು" ಎಂದರು. ಒತ್ತಿದೆ. ಇಬ್ಬರೂ ಕೂತು ಮಂಡಕ್ಕಿ ತಿನ್ನುತ್ತ, ಕೆಲಸ ಎಷ್ಟಾಯಿತೆಂದು ತೋರಿಸುವ ಪಟ್ಟಿ ತುಂಬುವುದನ್ನು ನೋಡಿದೆವು. ಅಂಗಡಿ ಮುಚ್ಚಿ ರಾತ್ರಿ ಊಟಕ್ಕೆ ಬಂದ ನನ್ನ ಗಂಡ ಬಾಗಿಲಲ್ಲಿ ನಿಂತು, "ಏನ್ ಸಿನಿಮಾ ನಡದೈತಿ?" ಎಂದು ಕೇಳಿದರು. ಅತ್ತೆ ಮಂಡಕ್ಕಿಯ ತಟ್ಟೆಯನ್ನು ಅವರ ಕಡೆ ಸರಿಸಿದರು.

ಕಂಪ್ಯೂಟರು ಮತ್ತೆ ಚಾಲೂ ಆದಾಗ ಕಪ್ಪು ಪರದೆಯ ಮೇಲೆ ಎರಡು ಹೆಸರು ಬಂದವು. ಯಾವುದು ಬೇಕೋ ಆರಿಸಿಕೊಳ್ಳಬೇಕು. ಮೊದಲು ವಿಂಡೋಸ್ ಒತ್ತಿದೆ. ತೆರೆಯಿತು, ಲೇಬಲ್ಲುಗಳೆಲ್ಲ ಇದ್ದವು. ಆಮೇಲೆ ಅತ್ತೆ ತಾವೇ ಲಿನಕ್ಸ್ ಒತ್ತಿದರು. ಒಂದು ವೃತ್ತ ಎಳೆದರು, ಉಳಿಸಿದರು, ಬಂದ್ ಮಾಡಿದರು, ಮತ್ತೆ ತೆರೆದರು. ವೃತ್ತ ಇತ್ತು. ಮತ್ತೊಮ್ಮೆ ಬಂದ್ ಮಾಡಿ ತೆರೆದರು.

"ಅದ" ಎಂದರು.

ಮರುದಿನ ನಾನು ವಿಂಡೋಸ್ ತೆರೆದರೆ ಗಡಿಯಾರ ಐದೂವರೆ ತಾಸು ಹಿಂದೆ ಇತ್ತು. ಏನು ಕೆಟ್ಟಿತೋ ಎಂದು ಗಾಬರಿಯಾಗಿ ಅತ್ತೆಯನ್ನು ಕರೆದೆ. ಅವರಿಗೆ ಒಂದು ಕ್ಷಣವೂ ಬೇಕಾಗಲಿಲ್ಲ. "ಐದೂವರಿ ತಾಸು ಅಂದ್ರ ಗ್ರೀನಿಚ್ ಅಲ್ಲೇನವಾ! ನನ್ನ ಲಿನಕ್ಸ್ ಅಲ್ಲೀ ಟೈಮು ಇಟ್ಟೈತಿ, ನಿನ್ನ ವಿಂಡೋಸ್ ಅದನ್ನ ಇಲ್ಲೀದಂತ ಓದಾಕತ್ತೈತಿ" ಎಂದು ಕುಣಿಯುವಂತೆ ಹೇಳಿದರು. ಅದು ನಿಜವೇ ಆಗಿತ್ತು. ಅದನ್ನು ಸರಿಪಡಿಸುವ ಆಜ್ಞೆ ಹುಡುಕಿ ಹಾಕಿದೆ. ಅವರು ಆ ವಾರ ಅಗಡಿಯ ಮಕ್ಕಳಿಗೆ ರೇಖಾಂಶದ ಲೆಕ್ಕವನ್ನು ಸೊಸೆಯ ಕಂಪ್ಯೂಟರಿನ ಗಡಿಯಾರದಿಂದಲೇ ಶುರುಮಾಡಿದರಂತೆ.

ಅಲ್ಲಿಂದ ಮುಂದೆ ಮುಂಜಾನೆ ಅವರು, ಅವರಾದ ಮೇಲೆ ನಾನು. ಎಲ್ಲ ಸರಿಯಾಗಿ ನಡೆದಿತ್ತು. ಎರಡು ತಿಂಗಳಾದ ಮೇಲೆ ಅತ್ತೆ ಇದ್ದಕ್ಕಿದ್ದಂತೆ ನನ್ನ ಕೋಣೆಗೆ ಬರುವುದನ್ನು ಕಡಿಮೆ ಮಾಡಿದರು. ಬಂದರೂ ಬೇಗ ಏಳುತ್ತಿದ್ದರು. ನಡುಮನಿಯಲ್ಲಿ ಹೊಸ ಪಾಠಗಳು ಕಾಣಲಿಲ್ಲ. "ಪ್ರಿಂಟ್ ತಗೀಬೇಕೇನ್ರಿ?" ಎಂದರೆ, "ಏನಿಲ್ಲ ತಗೋ, ಹಲಗಿ ಮ್ಯಾಲ ಬರೀತೇನಿ" ಎನ್ನುತ್ತಿದ್ದರು. ದನಿ ಒರಟಾಗಿರಲಿಲ್ಲ, ಆದರೆ ಹೊಸ ಸೊಸೆಯೊಡನೆ ಮಾತಾಡಿದ ಹಾಗೆ ಅಳೆದು ಆಡುತ್ತಿದ್ದರು. ಮೈಯಲ್ಲಿ ಹುಷಾರಿಲ್ಲವೇನೋ ಎಂದು ಗಂಡನಿಗೆ ಹೇಳಿದೆ. ಅವರು ಕೇಳಿದರೆ, "ನನಗೇನಾಗೇತಿ?" ಎಂದರಂತೆ.

ಒಂದು ದಿನ ಅವರು ಅಗಡಿಗೆ ಹೋದಾಗ ನಾನೇ ಲಿನಕ್ಸ್ ತೆರೆದು ನೋಡಿದೆ. ನಡುಮನಿಯೊಳಗೆ ಏನಾದರೂ ಉಳಿಸಲು ಹೋದರೆ, ಇದನ್ನು ಓದಬಹುದು, ಬರೆಯುವ ಅಧಿಕಾರ ನಿಮಗಿಲ್ಲ ಎಂದು ಬಂತು. ಅವರಿಗೆ ಹೀಗೆ ಬಂದಿದ್ದರೆ ಅವರು ಏನೆಂದುಕೊಂಡಿರಬೇಡ?

ಸಂಜೆ ಅವರು ಬಂದು ಕಾಲು ತೊಳೆದು ಕೂತ ಮೇಲೆ ಚಹಾ ಕೊಟ್ಟು ಎದುರಿಗೆ ಕೂತೆ.

"ಅತ್ತ್ಯಾರ, ನಡುಮನಿಯೊಳಗ ಬರೀಲಿಕ್ಕೆ ಬಿಡಾಕತ್ತಿಲ್ಲಲ್ರಿ ಅದು. ನನಗ್ಯಾಕ ಹೇಳಲಿಲ್ಲ?"

ಅವರು ಲೋಟದೊಳಗೆ ನೋಡಿದರು. "ಹೋದ ತಿಂಗಳ ನೀ ನಡುಮನ್ಯಾಗ ಇಟ್ಟಿದ್ದ ಲೇಬಲ್ ಒಂದನ್ನ ನಾ ತಪ್ಪಿ ಎಳದು ಬ್ಯಾರೆ ಕಡೆ ಹಾಕಿದ್ದೆ. ನೀ ಅವತ್ತ ಬಾಳ ಹುಡುಕ್ಯಾಡಿದಿ. ಅದಕ್ಕ ಕೀಲಿ ಹಾಕೀದಿ ಅನ್ಕೊಂಡೆ. ನಿನ್ನ ಕೆಲಸ ಐತಿ, ತಪ್ಪೇನೂ ಅಲ್ಲ ಅದು."

"ನಾ ಯಾಕ ಕೀಲಿ ಹಾಕ್ಲಿರಿ?"

"ಹಾಕಿದ್ರೂ ಹೇಳಿ ಹಾಕಬೇಕಿತ್ತು ಅಂತ ಅನಿಸ್ತು. ಅಷ್ಟ."

ಮಾತಿಗಿಂತ ತೋರಿಸುವುದೇ ಲೇಸೆಂದು ಅವರನ್ನು ಕರೆದುಕೊಂಡು ಹೋಗಿ ಕಂಪ್ಯೂಟರಿನ ಮುಂದೆ ಕೂಡಿಸಿದೆ. ವಿಂಡೋಸಿನಲ್ಲಿ ಒಂದು ವ್ಯವಸ್ಥೆಯಿದೆ. ಮರುದಿನ ಬೇಗ ತೆರೆದುಕೊಳ್ಳಲೆಂದು ಅದು ಬಂದ್ ಮಾಡಿದಾಗ ಪೂರ್ತಿ ಬಂದ್ ಆಗದೆ, ಅರ್ಧ ಕೆಲಸವನ್ನು ಡಿಸ್ಕಿನಲ್ಲೇ ಹಿಡಿದಿಟ್ಟುಕೊಂಡು ಮಲಗುತ್ತದೆ. ಹಾಗೆ ಮಲಗಿದಾಗ ನಡುವಿನ ಜಾಗವೂ ಅದರ ಹಿಡಿತದಲ್ಲಿರುತ್ತದೆ. ಇದರಲ್ಲಿ ಕೈಹಾಕಿದರೆ ಕೆಟ್ಟೀತೆಂದು ಲಿನಕ್ಸ್ ತಾನಾಗಿಯೇ ದೂರ ನಿಲ್ಲುತ್ತದೆ. ಭಾಗ ಮಾಡಿದ ದಿನ ನಾನು ಆ ವ್ಯವಸ್ಥೆಯನ್ನು ಬಂದ್ ಮಾಡಿದ್ದೆ. ನಡುವೆ ಬಂದ ಯಾವುದೋ ಅಪ್‌ಡೇಟು ಅದನ್ನು ಮತ್ತೆ ಚಾಲೂ ಮಾಡಿಬಿಟ್ಟಿತ್ತು.

"ಅರ್ಧಾ ನಿದ್ದ್ಯಾಗ ಇರ್ತದ್ರಿ ಅದು. ಹೊದಕೀ ಬಿಗಿಯಾಗಿ ಹಿಡಕೊಂಡು."

ಅತ್ತೆ ಪರದೆಯನ್ನು ನೋಡಿದರು, ನನ್ನನ್ನು ನೋಡಿದರು. ಅವರ ಮುಖ ಮೊದಲು ಕೆಂಪಾಯಿತು, ಆಮೇಲೆ ನಗೆ ಬಂತು. "ಇಷ್ಟ ದಿನ ನಾ ಒಂದ್ ಮಷೀನಿನ ಮ್ಯಾಲ ಸಿಟ್ಟಾಗಿದ್ದೆನೇನು?" ಎಂದರು.

"ನನ್ನ ಮ್ಯಾಲ ಆಗಿದ್ರಿ."

"ಹೂಂ, ನಿನ್ನ ಮ್ಯಾಲನ" ಎಂದು ಒಪ್ಪಿಕೊಂಡರು. ಆ ವ್ಯವಸ್ಥೆಯನ್ನು ನಾನು ಬಂದ್ ಮಾಡುವಾಗ, ಎಲ್ಲಿ ಒತ್ತಬೇಕು ಎಂದು ಅವರೂ ನೋಡಿ ಕಲಿತರು. ಮತ್ತೆ ಯಾವ ಅಪ್‌ಡೇಟು ಬಂದರೂ ತಾವೇ ನೋಡಿಕೊಳ್ಳಬಹುದೆಂದು. ಅವತ್ತು ಅವರು ಕೋಣೆಯಿಂದ ಬೇಗ ಏಳಲಿಲ್ಲ.

ಆ ಚಳಿಗಾಲದಲ್ಲಿ ಒಂದು ದಿನ, "ನೀನೂ ಬಾ, ಮಕ್ಕಳು ಏನ್ ಮಾಡ್ತಾವು ನೋಡೀಯಂತ" ಎಂದು ನನ್ನನ್ನು ಅಗಡಿಗೆ ಕರೆದುಕೊಂಡು ಹೋದರು. ನಾನು ಹಿಂದಿನ ಬೆಂಚಿನಲ್ಲಿ ಕೂತೆ. ಪ್ರೊಜೆಕ್ಟರು ಹಚ್ಚಿದಾಗ ಗೋಡೆಯ ಮೇಲೆ ಅತ್ತೆಯ ವೃತ್ತ, ಅದರೊಳಗೊಂದು ತ್ರಿಭುಜ ಮೂಡಿತು. ಕೆಳಗಿನ ಎರಡು ಬಿಂದುಗಳು ಅಲ್ಲಾಡುವುದಿಲ್ಲ, ಮೇಲಿನ ಬಿಂದುವನ್ನು ಕಂಸದ ಉದ್ದಕ್ಕೂ ಸರಿಸಬೇಕು. ಒಬ್ಬ ಹುಡುಗಿ ಎದ್ದು ಬಂದು ಸರಿಸಿದಳು. ಗೆರೆಗಳು ಒಂದು ಕಡೆ ಉದ್ದವಾಗಿ ಇನ್ನೊಂದು ಕಡೆ ಗಿಡ್ಡವಾದವು, ತ್ರಿಭುಜ ಓರೆಯಾಯಿತು, ಆದರೆ ಮೇಲಿನ ಕೋನದ ಅಳತೆ ಮಾತ್ರ ಬದಲಾಗಲಿಲ್ಲ. ಅವಳು ಇನ್ನೂ ಸರಿಸಿದಳು. ಬದಲಾಗಲಿಲ್ಲ.

"ಅಕ್ಕೋರ, ಕೆಟ್ಟೈತೇನ್ರಿ ಇದು?" ಎಂದಳು.

ಇಡೀ ತರಗತಿ ನಕ್ಕಿತು. ಅತ್ತೆಯೂ ನಕ್ಕರು. "ಕೆಟ್ಟಿಲ್ಲ. ಯಾಕ ಹಂಗ ಅಂತ ಈಗ ಹುಡುಕೂಣು" ಎಂದು ಸುಣ್ಣದಕಡ್ಡಿ ತೆಗೆದುಕೊಂಡರು. ಶಾಲೆಯಲ್ಲಿ ನನಗೆ ಈ ಪ್ರಮೇಯ ಬಾಯಿಪಾಠವಾಗಿತ್ತು, ಅರ್ಥವಾಗಿದ್ದು ಅಗಡಿಯ ಹಿಂದಿನ ಬೆಂಚಿನಲ್ಲಿ. ಮನೆಯಲ್ಲಿ ಚಹಾ ಕೊಟ್ಟು ಬಾಗಿಲಲ್ಲೇ ತಿರುಗಿಹೋಗುತ್ತಿದ್ದ ಹೆಂಗಸು ಅಲ್ಲಿ ಬೇರೆಯಾಗಿಯೇ ಕಂಡರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಲಗೆಯ ಈ ತುದಿಯಿಂದ ಆ ತುದಿಗೆ ಓಡಾಡುತ್ತ, ಹೆಸರು ಹಿಡಿದು ಒಬ್ಬೊಬ್ಬರನ್ನೇ ಕೇಳುತ್ತಿದ್ದರು.

ತಿರುಗಿ ಬರುವಾಗ ಹಾವೇರಿ ದಾಟಿದ ಮೇಲೆ ಬಸ್ಸು ತುಂಬಿತು. ಬ್ಯಾಡಗಿ ಕ್ರಾಸಿನಲ್ಲಿ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದು ಪರವೂರಿನವರೊಬ್ಬರು ಸೀನಿದರು. ಅತ್ತೆ ನನ್ನ ಭುಜಕ್ಕೆ ತಲೆಯಿಟ್ಟು ನಿದ್ದೆಹೋಗಿದ್ದರು. ಅದೂ ಮೊದಲ ಸಲವೇ.

ಆ ಶಾಲೆಗೆ ಈಗ ಕಾಯಂ ಗಣಿತ ಶಿಕ್ಷಕಿ ಬಂದಿದ್ದಾರೆ, ಮೇಡ್ಲೇರಿಯವರು. ಮೊದಲ ವಾರವೇ ನಮ್ಮ ಮನೆಗೆ ಬಂದು ಅತ್ತೆಯ ಪಾಠಗಳನ್ನೆಲ್ಲ ನಕಲು ಮಾಡಿಕೊಂಡು ಹೋದರು. ಅವರು ಹೋದ ಮೇಲೆ ಅತ್ತೆ ನನ್ನ ಕೋಣೆಗೆ ಬಂದು, "ಇನ್ನ ಆ ಜಾಗಾ ತಗದು ನಿನಗ ಕೂಡಿಸಿಕೋ. ನನಗೇನ್ ಕೆಲಸ ಐತಿ ಅದರಾಗ?" ಎಂದರು.

ನಿಜ ಹೇಳಬೇಕೆಂದರೆ ನನಗೆ ಜಾಗ ಬೇಕಿತ್ತು. ಮುಂಗಾರಿನ ಕೆಲಸ ಬಂದು ನನ್ನ ಭಾಗ ತುಂಬುತ್ತ ಬಂದಿತ್ತು. ಆದರೂ, "ಇರ್ಲಿ ಬಿಡ್ರಿ, ಹಳೇ ಲೇಬಲ್ ತಗದ್ರ ಆತು" ಎಂದೆ. ಅವರು ಒತ್ತಾಯ ಮಾಡಲಿಲ್ಲ. ಬಾಗಿಲಲ್ಲಿ ಸ್ವಲ್ಪ ನಿಂತರು.

ಮುಂದಿನ ವಾರ ಅವರು ಐದನೆಯ ತರಗತಿಯ ಮಕ್ಕಳಿಗೆ ಭಿನ್ನರಾಶಿ ಕಲಿಸುವ ಪಾಠ ಶುರುಮಾಡಿದರು. ನಮ್ಮ ಓಣಿಯ ಶಾಲೆಯವರು ಕೇಳಿದ್ದಾರೆ ಎಂದರು. ಕೇಳಿದ್ದು ಶಾಲೆಯವರೋ, ಅತ್ತೆ ತಾವಾಗಿಯೇ ಹೋಗಿ ಹೇಳಿಬಂದದ್ದೋ ನಾನು ವಿಚಾರಿಸಲಿಲ್ಲ. ಈಗಲೂ ಮುಂಜಾನೆ ಕುರ್ಚಿ ಅವರದು. ನಾನು ಅಡುಗೆ ಮುಗಿಸಿ ಬಂದು ಬಾಗಿಲಲ್ಲಿ ನಿಂತರೆ, ತಿರುಗಿ ನೋಡದೆಯೇ, "ಬಂದೆ ತಡಿ, ಇದೊಂದು ಗೆರಿ ಮುಗಸ್ತೇನಿ" ಎನ್ನುತ್ತಾರೆ. ಆ ಒಂದು ಗೆರೆ ಬೇಗ ಮುಗಿಯುವುದಿಲ್ಲ. ನಾನು ಪಕ್ಕದ ಕುರ್ಚಿಯಲ್ಲಿ ಕೂತು ನೋಡುತ್ತೇನೆ.